ಕಾಲು ಅದೇ, ರೈಲು ಬೇರೆ: ಒಬ್ಬ ಜರ್ಮನ್ ಸ್ಪ್ರಿಂಟರ್‌ನ ಪ್ರಕರಣ

2017ರ ಜುಲೈನಲ್ಲಿ ಈತ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಮೊದಲ ಹನ್ನೊಂದು ಹಂತಗಳಲ್ಲಿ (ಒಂದು ಹಂತ ಅಂದರೆ ಒಂದು ದಿನದ ಓಟ) ಐದನ್ನು ಗೆದ್ದ. 2019ರ ಆಗಸ್ಟ್‌ನಲ್ಲಿ ರೇಸ್ ಸೈಕಲ್ ಇಳಿದೇಬಿಟ್ಟ. ನಡುವೆ ಇರುವುದು ಇಪ್ಪತ್ತೈದು ತಿಂಗಳು. ವಯಸ್ಸು ಆಗ 31. ಸ್ಪ್ರಿಂಟರ್‌ಗಳು, ಅಂದರೆ ಕೊನೆಯ ಕೆಲವು ನೂರು ಮೀಟರ್‌ನ ವೇಗದಿಂದ ಗೆಲ್ಲುವವರು, 35 ದಾಟಿದ ಮೇಲೂ ಟೂರ್‌ನಲ್ಲಿ ಗೆದ್ದ ಉದಾಹರಣೆ ಇದೆ. ಹಾಗಿದ್ದರೆ ಈ ಇಪ್ಪತ್ತೈದು ತಿಂಗಳಲ್ಲಿ ಏನಾಯಿತು?

ಕಾಲಲ್ಲಿ ಕಸುವು ಹೋಯಿತು ಅನ್ನುವುದು ಸುಲಭದ ಉತ್ತರ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಆ ಕಾಲುಗಳ ಮುಂದೆ ಯಾರಿದ್ದರು, ಸುತ್ತ ಯಾರಿದ್ದರು, ಯಾವ ಯಾವ ಗಳಿಗೆಯಲ್ಲಿ ಯಾರು ಏನು ತೀರ್ಮಾನ ಮಾಡಿದರು ಎಂದು ನೋಡಿದರೆ ಕಥೆ ಬೇರೆ ಥರ ಕಾಣುತ್ತದೆ.

ಹೆಸರು ಬರೆಯುತ್ತಿಲ್ಲ. ಸವಾರನದ್ದೂ ಇಲ್ಲ, ತಂಡಗಳದ್ದೂ ಇಲ್ಲ, ಜೊತೆಗಾರರದ್ದೂ ಇಲ್ಲ. ಸೈಕ್ಲಿಂಗ್ ನೋಡುವವರಿಗೆ ಇಷ್ಟರಲ್ಲೇ ಗೊತ್ತಾಗಿರಬಹುದು, ಇರಲಿ. ಹೆಸರು ಬಂದ ಕೂಡಲೇ ನಾವು ಅಭಿಮಾನಿಗಳಾಗಿಬಿಡುತ್ತೇವೆ. ಇವನು ದೊಡ್ಡವನೋ ಇನ್ನೊಬ್ಬ ದೊಡ್ಡವನೋ ಎಂಬ ಜಗಳ ಶುರುವಾಗುತ್ತದೆ. ಇಲ್ಲಿ ಅದು ಬೇಡ. ಎಲ್ಲರಿಗೂ ತಿಳಿದಿರುವ ಫಲಿತಾಂಶಗಳು ಮತ್ತು ಆತ ಬಹಿರಂಗವಾಗಿ ಹೇಳಿದ ಮಾತುಗಳು, ಇಷ್ಟರ ಮೇಲೆಯೇ ಇದನ್ನು ಬರೆದಿದ್ದೇನೆ. ತೀರ್ಪು ಕೊಟ್ಟ ಕಡೆ ಅದು ನನ್ನದು.

ಹಿನ್ನೆಲೆ

ಹುಟ್ಟಿದ್ದು 1988ರಲ್ಲಿ, ಆಗಿನ ಪೂರ್ವ ಜರ್ಮನಿಯ ಥುರಿಂಗಿಯಾ ಸೀಮೆಯಲ್ಲಿ. ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಮನೆಯಲ್ಲಿ ಆಟೋಟದ ವಾತಾವರಣ ಇತ್ತು. ಹುಡುಗ ಮೊದಲು ಅಥ್ಲೆಟಿಕ್ಸ್ ಮಾಡಿ, ಆಮೇಲೆ ಸೈಕಲ್‌ಗೆ ಬಂದ.

ಆ ಕಾಲದ ಜರ್ಮನಿಯಲ್ಲಿ ಸೈಕಲ್ ಅಂದರೆ ಹುಚ್ಚು. 1997ರಲ್ಲಿ ಯಾನ್ ಉಲ್‌ರಿಚ್ ಟೂರ್ ಗೆದ್ದಿದ್ದ. ಟೂರ್ ಗೆದ್ದ ಮೊದಲ ಜರ್ಮನ್ ಅವನು. ಎರಿಕ್ ತ್ಸಾಬೆಲ್ 1996ರಿಂದ 2001ರವರೆಗೆ ಸತತ ಆರು ವರ್ಷ ಟೂರ್‌ನ ಅಂಕಪಟ್ಟಿಯಲ್ಲಿ ಮೊದಲಿಗನಿಗೆ ಸಿಗುವ ಹಸಿರು ಜೆರ್ಸಿ ತಂದಿದ್ದ. ಇಬ್ಬರೂ ಪೂರ್ವ ಜರ್ಮನಿಯವರೇ. ಒಂಬತ್ತು ವರ್ಷದ ಹುಡುಗನೊಬ್ಬ ಟಿವಿ ಮುಂದೆ ಕೂತು ಇದನ್ನೆಲ್ಲ ನೋಡಿದರೆ ಏನಾಗಬಹುದು ಹೇಳಿ.

ಆದರೆ ಈತ ಬೆಳೆದು ನಿಲ್ಲುವ ಹೊತ್ತಿಗೆ ಆ ಮನೆಯೇ ಕುಸಿಯುತ್ತಿತ್ತು. 2005 ಮತ್ತು 2006, ಎರಡೂ ವರ್ಷ ಈತ ಜೂನಿಯರ್ ಟೈಮ್ ಟ್ರಯಲ್‌ನಲ್ಲಿ (ಗಡಿಯಾರದ ಎದುರಿನ ಒಂಟಿ ಓಟ) ವಿಶ್ವ ಚಾಂಪಿಯನ್ ಆದ. ಅದೇ 2006ರಲ್ಲಿ ಸ್ಪೇನ್‌ನ ಉದ್ದೀಪನ ಮದ್ದಿನ ತನಿಖೆಯಿಂದಾಗಿ ಉಲ್‌ರಿಚ್‌ನನ್ನು ಟೂರ್ ಶುರುವಾಗುವ ಮುನ್ನಾ ದಿನ ಹೊರಗೆ ಕಳಿಸಿದರು. 2007ರ ಮೇ ತಿಂಗಳಲ್ಲಿ ತ್ಸಾಬೆಲ್ ಕಣ್ಣೀರಿಟ್ಟು ತಪ್ಪೊಪ್ಪಿಕೊಂಡ. ಆ ಜುಲೈನಲ್ಲಿ ಟೂರ್ ಇನ್ನೂ ನಡೆಯುತ್ತಿರುವಾಗಲೇ ಜರ್ಮನಿಯ ಎರಡು ಸಾರ್ವಜನಿಕ ವಾಹಿನಿಗಳು ನೇರ ಪ್ರಸಾರ ನಿಲ್ಲಿಸಿಬಿಟ್ಟವು. ವರ್ಷದ ಕೊನೆಗೆ ದೊಡ್ಡ ದೂರವಾಣಿ ಕಂಪನಿ ಪ್ರಾಯೋಜಕತ್ವ ಬಿಟ್ಟಿತು. 2008ರಲ್ಲಿ ಇನ್ನೊಂದು ತಂಡ, 2010ರಲ್ಲಿ ಮತ್ತೊಂದು ಮುಚ್ಚಿದವು. ದೇಶದ ದೊಡ್ಡ ರೇಸ್ ಡಾಯ್ಚ್‌ಲಾಂಡ್ ಟೂರ್ 2008ಕ್ಕೆ ನಿಂತದ್ದು ಮತ್ತೆ ಶುರುವಾಗಿದ್ದು 2018ರಲ್ಲಿ.

ಪ್ರಕರಣಕ್ಕೆ ಇದು ಮುಖ್ಯ. 2011ರಲ್ಲಿ ಈತ ವೃತ್ತಿಪರನಾಗುವಾಗ ತಾಯ್ನಾಡಿನಲ್ಲಿ ಮೇಲ್ದರ್ಜೆಯ ಒಂದು ತಂಡವೂ ಉಳಿದಿರಲಿಲ್ಲ. ನೋಡುವ ಕಣ್ಣುಗಳಲ್ಲೂ ಅನುಮಾನ. ಹಾಗಾಗಿ ಹೋಗಿ ಸೇರಿದ್ದು ಎರಡನೇ ದರ್ಜೆಯ ಒಂದು ಸಣ್ಣ ಡಚ್ ತಂಡಕ್ಕೆ. ಆಗ ಅದು ಹಿನ್ನಡೆಯಂತೆ ಕಂಡಿರಬೇಕು.

ಮೊದಲ ತಿರುವು: ಒಂಟಿ ಓಟದಿಂದ ಗುಂಪಿನ ಓಟಕ್ಕೆ

ತಂಡಕ್ಕೆ ಬಂದಾಗ ಈತನ ಹೆಸರಿಗೆ ಅಂಟಿದ್ದ ಚೀಟಿ 'ಟೈಮ್ ಟ್ರಯಲ್ ಸವಾರ' ಎಂಬುದು. ಜೂನಿಯರ್‌ನಲ್ಲಿ ಎರಡು ವಿಶ್ವ ಪ್ರಶಸ್ತಿ. 2010ರಲ್ಲಿ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ 23 ವರ್ಷದೊಳಗಿನವರ ಟೈಮ್ ಟ್ರಯಲ್‌ನಲ್ಲಿ ಕಂಚು. ಟೈಮ್ ಟ್ರಯಲ್ ಅಂದರೆ ಒಬ್ಬನೇ, ಗಡಿಯಾರದ ಎದುರು. ಮುಂದೆ ಯಾರೂ ಇಲ್ಲ, ಗಾಳಿ ಮರೆ ಇಲ್ಲ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಒಂದೇ ಹದದಲ್ಲಿ ತುಳಿಯಬೇಕು.

ಸ್ಪ್ರಿಂಟ್ ಅದಕ್ಕೆ ಪೂರ್ತಿ ತಿರುಗುಮುರುಗು. ಐದು ಗಂಟೆ ಗುಂಪಿನೊಳಗೆ ಅಡಗಿ ಕೂತು, ಕೊನೆಯ 200, 250 ಮೀಟರ್‌ನಲ್ಲಿ ಇರುವುದೆಲ್ಲ ಸುರಿಯಬೇಕು. ಭುಜಕ್ಕೆ ಭುಜ ತಾಗುತ್ತಿರುತ್ತದೆ. ವೇಗ ಗಂಟೆಗೆ 60, 65 ಕಿ.ಮೀ. ದಾಟಿರುತ್ತದೆ.

2011ರ ಆರಂಭದಲ್ಲಿ ಮಲೇಷ್ಯಾದ ಲಂಕಾವಿ ಟೂರ್‌ನಲ್ಲಿ ಈತ ಒಂದು ಸ್ಪ್ರಿಂಟ್ ಗೆದ್ದ. ಇಲ್ಲಿ ತಂಡ 'ಹುಡುಗನ ಅದೃಷ್ಟ, ಬಿಡಿ' ಎಂದು ಟೈಮ್ ಟ್ರಯಲ್ ಯೋಜನೆಗೇ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಮತ್ತೆ ಬಿಟ್ಟು ನೋಡಿದರು. ಫ್ರಾನ್ಸ್‌ನ ಡಂಕರ್ಕ್ ರೇಸ್‌ನಲ್ಲಿ ನಾಲ್ಕು ಹಂತ ಗೆದ್ದ. ಪೋಲೆಂಡ್ ಟೂರ್‌ನಲ್ಲಿ ಇನ್ನೂ ನಾಲ್ಕು. ಸ್ಪೇನ್‌ನ ವುಯೆಲ್ಟಾದಲ್ಲಿ ಒಂದು. ವರ್ಷ ಮುಗಿದಾಗ ಒಟ್ಟು 17 ಗೆಲುವು. ಮೊದಲ ವರ್ಷದ ವೃತ್ತಿಪರನಿಗೆ ಇದು ಊಹೆಗೂ ಮೀರಿದ ಸಂಖ್ಯೆ.

ಹಳೆಯ ಕಸುಬು ಹಾಳಾಗಲಿಲ್ಲ ಎಂಬುದನ್ನೂ ನೋಡಬೇಕು. 80 ಕಿಲೋ ದಾಟಿದ ಮೈ, ಆರಡಿ ಮೀರಿದ ಎತ್ತರ, ಜೊತೆಗೆ ಟೈಮ್ ಟ್ರಯಲ್ ಕಲಿಸಿದ ಎಂಜಿನ್. ಬೇರೆ ಸ್ಪ್ರಿಂಟರ್‌ಗಳು ಚಿಮ್ಮಿ ಸುಸ್ತಾಗುವ ಕಡೆ ಈತ ವೇಗವನ್ನು ಇನ್ನೂ ಐವತ್ತು ಮೀಟರ್ ಹಿಡಿದಿಡುತ್ತಿದ್ದ. ಮಕ್ಕಳಿಗೆ ತರಬೇತಿ ಕೊಡುವವರು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಹದಿನೇಳನೇ ವಯಸ್ಸಿನ ಪದಕ ನೋಡಿ ಹಚ್ಚಿದ ಚೀಟಿಯನ್ನು ಇಪ್ಪತ್ತೆರಡರಲ್ಲಿ ಕಿತ್ತು ನೋಡುವ ಧೈರ್ಯ ಆ ಸಣ್ಣ ತಂಡಕ್ಕಿತ್ತು. ದೊಡ್ಡ ತಂಡಕ್ಕೆ ಹೋಗಿದ್ದರೆ ಇಷ್ಟು ಅವಕಾಶ ಸಿಗುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ರೈಲು ಅಂದರೆ

ಸ್ಪ್ರಿಂಟ್ ನೋಡುವವರಿಗೆ ಕಾಣುವುದು ಕೈ ಎತ್ತಿದ ಒಬ್ಬನೇ. ಅವನ ಹಿಂದಿನ, ಅಲ್ಲ, ಅವನ ಮುಂದಿನ ಕೆಲಸ ಕಾಣುವುದಿಲ್ಲ.

ಕೊನೆಯ ನಾಲ್ಕೈದು ಕಿಲೋಮೀಟರ್‌ನಲ್ಲಿ ಒಂದೇ ತಂಡದ ನಾಲ್ಕೈದು ಸವಾರರು ಸಾಲಾಗಿ ನಿಲ್ಲುತ್ತಾರೆ. ಇದಕ್ಕೇ ಸೈಕ್ಲಿಂಗ್‌ನಲ್ಲಿ 'ಟ್ರೇನ್' ಅನ್ನುವುದು. ಮೊದಲನೆಯವನು ಗಾಳಿ ಸೀಳಿ ಎಳೆಯುತ್ತಾನೆ. ಖಾಲಿಯಾದ ಕೂಡಲೇ ಪಕ್ಕಕ್ಕೆ ಸರಿಯುತ್ತಾನೆ. ಎರಡನೆಯವನು ಮುಂದುವರಿಸುತ್ತಾನೆ. ಹೀಗೆ ಒಬ್ಬೊಬ್ಬರೇ ಉರಿದು ಸರಿಯುತ್ತಾ ಕೊನೆಗೆ ಸ್ಪ್ರಿಂಟರ್‌ನ ಮುಂದೆ ಒಬ್ಬನೇ ಉಳಿಯುತ್ತಾನೆ. ಅವನು 200 ಮೀಟರ್ ಹತ್ತಿರ ಬಂದು ಬಿಟ್ಟುಕೊಡುತ್ತಾನೆ. ಗಾಳಿ ಮರೆಯಲ್ಲಿ ಕೂತು ಬಂದವನಿಗೆ ಆ ವೇಗದಲ್ಲಿ ಮೂರನೇ ಒಂದು ಪಾಲಿನಷ್ಟಾದರೂ ಶ್ರಮ ಉಳಿದಿರುತ್ತದೆ. ಆ ಉಳಿತಾಯವೇ ಗೆಲುವು.

ಇದರಲ್ಲಿ ಶಕ್ತಿಗಿಂತ ನಂಬಿಕೆ ಜಾಸ್ತಿ ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನವನ ಹಿಂಚಕ್ರದಿಂದ ಒಂದು ಗೇಣು ದೂರದಲ್ಲಿ ಇರುತ್ತೀರಿ. ಅವನು ಎಡಕ್ಕೆ ಹೋದರೆ ಎಡಕ್ಕೆ, ಸಂದಿಗೆ ನುಗ್ಗಿದರೆ ಸಂದಿಗೆ. 'ಇವನು ಯಾಕೆ ಇಲ್ಲಿ ನುಗ್ಗಿದ' ಎಂದು ಯೋಚಿಸಿದರೆ ಮುಗೀತು, ಚಕ್ರ ಕೈತಪ್ಪುತ್ತದೆ, ಆ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಇಂಥ ಹೊಂದಾಣಿಕೆ ಒಂದು ತಿಂಗಳಲ್ಲಿ ಬರುವುದಿಲ್ಲ. ನೂರು ಸಲ ಸೋತು ಕಟ್ಟಬೇಕು.

ಡಚ್ ತಂಡ ಈತನ ಸುತ್ತ ಅದನ್ನು ಕಟ್ಟಿತು. 2012ರ ಮೊದಲ ಟೂರ್‌ನಲ್ಲಿ ಹೊಟ್ಟೆ ಕೆಟ್ಟು ಐದನೇ ಹಂತದಲ್ಲೇ ಬಿಡಬೇಕಾಯಿತು. 2013ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಟೂರ್ ಶುರು. ಆ ಮೊದಲ ದಿನದ ಕಥೆ ಸೊಗಸಾಗಿದೆ. ಬಾಸ್ತಿಯಾ ಊರಿನಲ್ಲಿ ಒಂದು ತಂಡದ ಬಸ್ಸು ಫಿನಿಷ್ ಲೈನ್‌ನ ಕಮಾನಿನ ಕೆಳಗೆ ಸಿಕ್ಕಿಹಾಕಿಕೊಂಡಿತು. ಸಂಘಟಕರು ಫಿನಿಷ್ 3 ಕಿ.ಮೀ. ಮೊದಲೇ ಎಂದರು. ಬಸ್ಸು ಹೊರಬಂದ ಮೇಲೆ ಇಲ್ಲ, ಮೊದಲಿನ ಜಾಗದಲ್ಲೇ ಎಂದರು. ಗೊಂದಲದಲ್ಲಿ ದೊಡ್ಡ ಅಪಘಾತವಾಯಿತು. ಅದರಾಚೆ ಉಳಿದು ಗೆದ್ದವನು ಈತ. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯೂ ಬಂತು. ಆ ಟೂರ್‌ನಲ್ಲಿ ಒಟ್ಟು ನಾಲ್ಕು ಹಂತ. ಕೊನೆಯದು ಪ್ಯಾರಿಸ್‌ನ ಶಾಂಜೆಲಿಜೆಯಲ್ಲಿ, ಅಲ್ಲಿ ಸತತ ನಾಲ್ಕು ವರ್ಷ ಗೆದ್ದಿದ್ದ ಬ್ರಿಟನ್‌ನ ಮಾರ್ಕ್ ಕ್ಯಾವೆಂಡಿಶ್‌ನನ್ನು ಸೋಲಿಸಿ. 2014ರಲ್ಲೂ ನಾಲ್ಕು, ಅದರಲ್ಲೂ ಮೊದಲ ದಿನ ಹಾಗೂ ಪ್ಯಾರಿಸ್.

ಆದರೆ 2014ರ ಮೇ ತಿಂಗಳಲ್ಲಿ ಇನ್ನೊಂದು ಘಟನೆ ನಡೆದಿತ್ತು. ಇಟಲಿಯ ಮೂರು ವಾರದ ರೇಸ್ ಜೀರೊ ಆ ವರ್ಷ ಐರ್ಲೆಂಡ್‌ನಲ್ಲಿ ಶುರುವಾಯಿತು. ಬೆಲ್‌ಫಾಸ್ಟ್, ಡಬ್ಲಿನ್ ಎರಡೂ ಕಡೆ ಈತ ಗೆದ್ದ. ನಾಲ್ಕನೇ ಹಂತ ಶುರುವಾಗುವ ಮೊದಲೇ ಜ್ವರ ಬಂದು ಮನೆಗೆ ಹೋದ. 2012ರಲ್ಲಿ ಹೊಟ್ಟೆ, 2014ರಲ್ಲಿ ಜ್ವರ. ಗೆಲುವಿನ ಸದ್ದಿನಲ್ಲಿ ಇದು ಯಾರ ಕಿವಿಗೂ ಬೀಳಲಿಲ್ಲ.

ಸಮಸ್ಯೆ: 2015

ಜನವರಿಯಲ್ಲಿ ಅಡಿಲೇಡ್‌ನಲ್ಲಿ ಒಂದು ಸಣ್ಣ ರೇಸ್ ಗೆದ್ದ. ಆಮೇಲೆ ವೈರಸ್ ಸೋಂಕು. ವಾರದಲ್ಲಿ ವಾಸಿಯಾಗುವ ಜ್ವರವಲ್ಲ ಅದು. ತಿಂಗಳುಗಟ್ಟಲೆ ಮೈಯಲ್ಲಿ ಕಸುವೇ ಇಲ್ಲ. ಓಡಲು ಹೋದ, ನಿಲ್ಲಿಸಿದ, ಮತ್ತೆ ಹೋದ, ಮತ್ತೆ ನಿಲ್ಲಿಸಿದ.

ಜೂನ್ ಕೊನೆಯಲ್ಲಿ ತಂಡ ಟೂರ್ ಪಟ್ಟಿ ಪ್ರಕಟಿಸಿತು. ಹಿಂದಿನ ಎರಡು ಟೂರ್‌ಗಳಲ್ಲಿ ಎಂಟು ಹಂತ ಗೆದ್ದವನ ಹೆಸರು ಅದರಲ್ಲಿ ಇರಲಿಲ್ಲ.

ಈ ತೀರ್ಮಾನವನ್ನು ಎರಡೂ ಕಡೆಯಿಂದ ನೋಡಬೇಕು. ತಂಡದ ಕಡೆಯಿಂದ ನೋಡಿದರೆ ಲೆಕ್ಕ ಸರಿ. ಟೂರ್‌ಗೆ ಒಂಬತ್ತೇ ಜಾಗ. ಶುದ್ಧ ಸ್ಪ್ರಿಂಟರ್‌ನನ್ನು ಒಯ್ದರೆ ಅವನಿಗಾಗಿ ಇನ್ನೂ ನಾಲ್ವರನ್ನು ಒಯ್ಯಬೇಕು. ಅವನು ಅರ್ಧ ಹದದಲ್ಲಿದ್ದರೆ ಐದು ಜಾಗ ಹೋಯಿತು. ಅದೇ ತಂಡದ ಇನ್ನೊಬ್ಬ ಜರ್ಮನ್ ಆ ವಸಂತದಲ್ಲಿ ಮಿಲಾನ್–ಸಾನ್ ರೆಮೊ, ಪ್ಯಾರಿಸ್–ರೂಬೆ ಎಂಬ ಒಂದು ದಿನದ ದೊಡ್ಡ ರೇಸ್‌ಗಳೆರಡನ್ನೂ ಗೆದ್ದು ಬಂದಿದ್ದ. ಅವನನ್ನು ನಂಬುವುದು ತಪ್ಪಲ್ಲ.

ಸವಾರನ ಕಡೆಯಿಂದ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಆ ವರ್ಷವೇ ತಂಡ ಜರ್ಮನಿಯಲ್ಲಿ ನೋಂದಣಿ ಮಾಡಿಸಿಕೊಂಡಿತ್ತು. ಜರ್ಮನ್ ಶಾಂಪೂ ಕಂಪನಿಯೊಂದು ಪ್ರಾಯೋಜಕನಾಗಿ ಬಂದಿತ್ತು. 2012ರಿಂದ ಟೂರ್ ತೋರಿಸದಿದ್ದ ಸಾರ್ವಜನಿಕ ವಾಹಿನಿ ಎಆರ್‌ಡಿ ನೇರ ಪ್ರಸಾರಕ್ಕೆ ಮರಳಿದ್ದೂ ಆ ಜುಲೈನಲ್ಲೇ. ಜನ ಮತ್ತೆ ಸೈಕ್ಲಿಂಗ್ ನೋಡುವಂತೆ ಮಾಡಿದವರಲ್ಲಿ ಈತನೂ ಒಬ್ಬ. ಉದ್ದೀಪನ ಮದ್ದಿನ ವಿರುದ್ಧ ಬಾಯಿಬಿಟ್ಟು ಮಾತಾಡಿದ ಪೀಳಿಗೆಯವನು. ಕೊನೆಗೂ ಕ್ಯಾಮೆರಾ ವಾಪಸ್ ಬಂದಾಗ ಈತ ಮನೆಯಲ್ಲಿ.

ನನ್ನ ಮಟ್ಟಿಗೆ ತಂಡದ ತೀರ್ಮಾನ ತಪ್ಪಲ್ಲ. ಆದರೆ ಸರಿಯಾದ ತೀರ್ಮಾನವೂ ನಂಬಿಕೆಯನ್ನು ಸವೆಸುತ್ತದೆ. ಹೊರಗೆ ಕೂರಿಸುವುದು ಒಂದು, ಕೂರಿಸಿದ ಮೇಲೆ ಮತ್ತೆ ಕಟ್ಟುವುದು ಇನ್ನೊಂದು. ಆ ಎರಡನೆಯದು ಆಗಲಿಲ್ಲ. ಆಗಸ್ಟ್‌ನಲ್ಲಿ ವಾರ್ಸಾದಲ್ಲಿ ಪೋಲೆಂಡ್ ಟೂರ್‌ನ ಮೊದಲ ಹಂತ ಗೆದ್ದ. ಅಷ್ಟು ಹೊತ್ತಿಗೆ ಮನಸ್ಸು ಮುರಿದಿತ್ತು ಅನಿಸುತ್ತದೆ. ಒಪ್ಪಂದ ಇನ್ನೊಂದು ವರ್ಷ ಬಾಕಿ ಇರುವಾಗಲೇ ಇಬ್ಬರೂ ಮಾತಾಡಿಕೊಂಡು ಬೇರೆಯಾದರು.

ಮಾಡಿದ ಪ್ರಯೋಗ: ಮನೆ ಬದಲಿಸುವುದು

2016ಕ್ಕೆ ಬೆಲ್ಜಿಯಂನ ದೊಡ್ಡ ತಂಡ. ಆ ತಂಡಕ್ಕೆ ರೈಲು ಕಟ್ಟುವುದು ಹೊಸ ವಿದ್ಯೆಯಲ್ಲ. ಸ್ಪ್ರಿಂಟರ್ ಯಾರೇ ಬರಲಿ, ಹಳಿ ಅಲ್ಲಿ ಮೊದಲೇ ಹಾಕಿರುತ್ತದೆ.

ಫಲ ಕೂಡಲೇ ಕಂಡಿತು. ಫೆಬ್ರವರಿಯಲ್ಲಿ ದುಬೈ ಟೂರ್ ಗೆದ್ದ. ಮೇ ತಿಂಗಳಲ್ಲಿ ಜೀರೊ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದಾಗ ನೈಮೇಖನ್, ಆರ್ನೆಮ್ ಎರಡೂ ಕಡೆ ಗೆದ್ದು, ಜೀರೊದಲ್ಲಿ ಮುಂದಿರುವವನು ತೊಡುವ ಗುಲಾಬಿ ಜೆರ್ಸಿ ತೊಟ್ಟ. ಜುಲೈನಲ್ಲಿ ಲಿಮೋಜ್‌ನಲ್ಲಿ ಫೋಟೊ ನೋಡಿ ತೀರ್ಮಾನಿಸಬೇಕಾದಷ್ಟು ಹತ್ತಿರದ ಗೆಲುವು. ಹಿಂದಿನ ವರ್ಷ 'ಇವನ ಕಥೆ ಮುಗಿಯಿತು' ಎಂದವರು ಸುಮ್ಮನಾದರು.

2017ರ ಟೂರ್ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಶುರುವಾಯಿತು. ಮೊದಲ ದಿನ ಮಳೆಯಲ್ಲಿ 14 ಕಿ.ಮೀ. ಟೈಮ್ ಟ್ರಯಲ್. ಸ್ಪ್ರಿಂಟರ್ ಆಗಿದ್ದವನು ಅದರಲ್ಲಿ ಒಂಬತ್ತನೆಯವನಾದ. ಹಳೇ ಎಂಜಿನ್ ಇನ್ನೂ ಅಲ್ಲೇ ಇತ್ತು. ಮರುದಿನ ಲಿಯೇಜ್‌ನಲ್ಲಿ ಗೆದ್ದು ಅತ್ತುಬಿಟ್ಟ. ಆಮೇಲೆ ತ್ರುವಾ, ನುಯಿ-ಸಾಂ-ಜಾರ್ಜ್, ಬೆರ್ಜೆರಾಕ್, ಪೋ. ನುಯಿ-ಸಾಂ-ಜಾರ್ಜ್‌ನಲ್ಲಿ ಗೆದ್ದ ಅಂತರ 6 ಮಿಲಿಮೀಟರ್. ಆ ವೇಗದಲ್ಲಿ ಅದು ಸೆಕೆಂಡಿನ ಹತ್ತು ಸಾವಿರ ಪಾಲಿನಲ್ಲಿ ಮೂರು. ಕಣ್ಣಿಗೆ ಸಿಗುವುದಲ್ಲ, ಕ್ಯಾಮೆರಾಕ್ಕೆ ಮಾತ್ರ. ಅಲ್ಲಿಗೆ ಟೂರ್‌ನಲ್ಲಿ ಈತನ ಒಟ್ಟು ಗೆಲುವು 14. ಜರ್ಮನ್ ಸವಾರರಲ್ಲಿ ಅಷ್ಟು ಯಾರೂ ಗೆದ್ದಿರಲಿಲ್ಲ. ತ್ಸಾಬೆಲ್‌ನದ್ದು 12.

ಹದಿನೇಳನೇ ಹಂತದಲ್ಲಿ, ಆಲ್ಪ್ಸ್ ಬೆಟ್ಟಗಳ ದಿನ, ಹಸಿರು ಜೆರ್ಸಿ ಮೈಮೇಲಿರುವಾಗಲೇ ಬಿದ್ದ. ಸ್ವಲ್ಪ ದೂರ ಎಳೆದು ನೋಡಿ ರೇಸ್ ಬಿಟ್ಟ. ಹಸಿರು ಜೆರ್ಸಿ ಪ್ಯಾರಿಸ್‌ಗೆ ಹೋಗಿದ್ದು ಆಸ್ಟ್ರೇಲಿಯಾದವನ ಮೈಮೇಲೆ.

ದೊಡ್ಡ ತಿರುವು: ಗೆಲ್ಲುತ್ತಿರುವಾಗಲೇ ಹೊರಟಿದ್ದು

ಇಡೀ ಪ್ರಕರಣದಲ್ಲಿ ಈ ಜಾಗದಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು. ಆ ಬೇಸಿಗೆಯಲ್ಲೇ, ಐದು ಗೆಲುವಿನ ಬೆನ್ನಿಗೇ, ಮುಂದಿನ ವರ್ಷಕ್ಕೆ ಬೇರೆ ತಂಡ ಎಂದು ಪ್ರಕಟವಾಯಿತು.

ಯಾಕೆ? ಬೆಲ್ಜಿಯಂ ತಂಡದಲ್ಲಿ ಕೊಲಂಬಿಯಾದ ಒಬ್ಬ ಚಿಗುರು ಸ್ಪ್ರಿಂಟರ್ ಇದ್ದ. ಆ ಮೇ ತಿಂಗಳಲ್ಲೇ ಜೀರೊದಲ್ಲಿ ನಾಲ್ಕು ಹಂತ ಗೆದ್ದಿದ್ದ. ಒಂದೇ ಒರೆಯಲ್ಲಿ ಎರಡು ಕತ್ತಿ. ಉಳಿದರೆ ಮುಂದಿನ ಟೂರ್ ಯಾರಿಗೆ ಎಂಬ ಪ್ರಶ್ನೆ ಬರುತ್ತಿತ್ತು. 2015ರಲ್ಲಿ ಒಮ್ಮೆ ಪಟ್ಟಿಯಿಂದ ಹೊರಗುಳಿದವನಿಗೆ ಆ ಪ್ರಶ್ನೆ ಮತ್ತೆ ಬೇಕಿರಲಿಕ್ಕಿಲ್ಲ.

ಹೊಸ ತಂಡದ ಕಡೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಪ್ರಾಯೋಜಕ ಹಳೆಯ ಪರಿಚಯದ ಜರ್ಮನ್ ಶಾಂಪೂ ಕಂಪನಿ. ಟೈಮ್ ಟ್ರಯಲ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಹಳೇ ಗೆಳೆಯ ಆಗಲೇ ಅಲ್ಲಿದ್ದ. ಸ್ಪ್ರಿಂಟ್‌ಗೆ ಈತನೇ ನಾಯಕ, ಪೈಪೋಟಿ ಇಲ್ಲ.

ಕಾಗದದ ಮೇಲೆ ಇಲ್ಲದ್ದು ಒಂದೇ, ರೈಲು. ಅದನ್ನು ಹೊಸದಾಗಿ ಕಟ್ಟಬೇಕಿತ್ತು. ಡಚ್ ತಂಡ ಅದನ್ನು ವರ್ಷಗಟ್ಟಲೆ ಕಟ್ಟಿತ್ತು. ಬೆಲ್ಜಿಯಂನಲ್ಲಿ ಸಿದ್ಧವಾಗಿಯೇ ಸಿಕ್ಕಿತ್ತು. ಇಲ್ಲಿ ಕಟ್ಟುವಷ್ಟು ಕಾಲವೂ ಇಲ್ಲ, ಸಿದ್ಧವೂ ಇಲ್ಲ. 14 ಹಂತ ಗೆದ್ದವನ ಮೇಲೆ ಮೊದಲ ತಿಂಗಳಿಂದಲೇ ನಿರೀಕ್ಷೆ ಬೇರೆ. ಇದು ನನ್ನ ಓದು. ಆಗ ಆ ಜಾಗದಲ್ಲಿ ನಾನಿದ್ದರೂ ಬಹುಶಃ ಇದೇ ತೀರ್ಮಾನ ಮಾಡುತ್ತಿದ್ದೆ. ಪೈಪೋಟಿ ಕಣ್ಣಿಗೆ ಕಾಣುತ್ತದೆ, ಹೊಂದಾಣಿಕೆ ಕಾಣುವುದಿಲ್ಲ, ಅಲ್ವಾ?

ಆದದ್ದು

2018ರ ಮಾರ್ಚ್‌ನಲ್ಲಿ ಇಟಲಿಯ ತಿರ್ರೆನೊ–ಆಡ್ರಿಯಾಟಿಕೊ ರೇಸ್‌ನಲ್ಲಿ ಎರಡು ಹಂತ ಗೆದ್ದ. ಎಲ್ಲ ಸರಿಹೋಯಿತು ಅನಿಸಿತು. ಆ ವರ್ಷದ ಗೆಲುವು ಅಷ್ಟೇ. ಏಪ್ರಿಲ್‌ನಲ್ಲಿ, ಈತನ ಮುಂದೆ ಎಳೆಯಬೇಕಿದ್ದ ಒಬ್ಬ ಜೊತೆಗಾರನಿಗೆ ತರಬೇತಿಯ ವೇಳೆ ಕಾರು ಡಿಕ್ಕಿ ಹೊಡೆಯಿತು. ಅವನು ತಿಂಗಳುಗಟ್ಟಲೆ ಹೊರಗೆ. ಅರೆಬರೆ ಕಟ್ಟಿದ್ದ ರೈಲಿನ ಒಂದು ಬೋಗಿ ಹೋಯಿತು.

ಟೂರ್‌ನ ಮೊದಲ ಹಂತದಲ್ಲಿ ಮೂರನೆಯವನಾದ. ಗೆದ್ದವನು ಯಾರು? ಬಿಟ್ಟುಬಂದ ತಂಡದ ಆ ಕೊಲಂಬಿಯಾ ಹುಡುಗ. ಆಮೇಲೆ ದಿನ ಕಳೆದಂತೆ ಹಿಂದೆ ಹಿಂದೆ. ಟೂರ್ ನಡೆಯುತ್ತಿರುವಾಗಲೇ ತಂಡದ ಒಬ್ಬ ನಿರ್ದೇಶಕ ಪತ್ರಿಕೆಯ ಮುಂದೆ ಈತನನ್ನು ಟೀಕಿಸಿದ, ಇವನಿಗೆ ತನ್ನದೇ ಚಿಂತೆ ಎಂಬ ಧಾಟಿಯಲ್ಲಿ. ಮನೆಯೊಳಗೆ ಬಾಗಿಲು ಹಾಕಿ ಆಡಬೇಕಾದ ಮಾತು ಬೀದಿಗೆ ಬಂತು. ನನಗೆ ಇಡೀ ಕಥೆಯಲ್ಲಿ ತೀರಾ ಅನಾವಶ್ಯಕ ಅನಿಸುವುದು ಇದೇ. ಸೋಲುತ್ತಿರುವ ಸ್ಪ್ರಿಂಟರ್‌ನಿಂದ ಒಂದೆರಡು ವಾರದಲ್ಲಿ ವೇಗ ಹೊರಡಿಸಲು ಆಗದೇ ಇರಬಹುದು. ಅವನ ನಂಬಿಕೆಯನ್ನು ಒಂದೇ ಸಂದರ್ಶನದಲ್ಲಿ ಕಳೆಯಬಹುದು.

ಹನ್ನೊಂದನೇ ಹಂತ, ಲಾ ರೋಸಿಯೇರ್ ಬೆಟ್ಟ. ಟೂರ್‌ನಲ್ಲಿ ಪ್ರತಿ ದಿನಕ್ಕೂ ಸಮಯದ ಮಿತಿ ಇರುತ್ತದೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ, ಅದರೊಳಗೆ ಬಾರದವರನ್ನು ಮನೆಗೆ ಕಳಿಸುತ್ತಾರೆ. ಆ ದಿನದ ದೂರ 108 ಕಿ.ಮೀ. ಮಾತ್ರ. ಕಡಿಮೆ ದೂರ ಅಂದರೆ ಸುಲಭ ಅಂದುಕೊಳ್ಳಬೇಡಿ. ದಿನ ಚಿಕ್ಕದಾದಷ್ಟೂ ಮಿತಿ ಬಿಗಿ, ಮುಂದಿನವರ ವೇಗ ಜಾಸ್ತಿ. 80 ಕಿಲೋ ದಾಟಿದವರಿಗೆ ಅದು ನರಕ. ಈತ ಮಿತಿಯ ಹೊರಗೆ ಬಂದ. ಅದೇ ದಿನ ಕ್ಯಾವೆಂಡಿಶ್ ಕೂಡ ಹೊರಬಿದ್ದ. ಆಗಸ್ಟ್ ಹೊತ್ತಿಗೆ ಮೈ ದಣಿದಿದೆ ಎಂದು ವರ್ಷದ ಉಳಿದ ರೇಸ್‌ಗಳನ್ನು ಕೈಬಿಟ್ಟರು.

2019ರ ಫೆಬ್ರವರಿಯಲ್ಲಿ ಮಯೋರ್ಕಾ ದ್ವೀಪದಲ್ಲಿ ಒಂದು ಗೆಲುವು. ಅದೇ ಕೊನೆಯದು. ಮೇ ತಿಂಗಳಲ್ಲಿ ಈತನ ಕೋರಿಕೆಯ ಮೇಲೆ ಒಪ್ಪಂದ ಮುರಿದರು.

ಏನು ತಿಳಿಯುತ್ತದೆ

ಈತ ಬಿಟ್ಟುಬಂದ ಸೀಟಿನಲ್ಲಿ ಏನಾಯಿತು ಎಂಬುದನ್ನು ನೋಡದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. 2018ಕ್ಕೆ ಬೆಲ್ಜಿಯಂ ತಂಡಕ್ಕೆ ಇಟಲಿಯ ಒಬ್ಬ ಸ್ಪ್ರಿಂಟರ್ ಬಂದ. ಹಿಂದಿನ ತಂಡದಲ್ಲಿ ಅವನಿಗೆ ಅವಕಾಶವೇ ಕಡಿಮೆ ಇತ್ತು. ಬಂದ ವರ್ಷವೇ ಜೀರೊದಲ್ಲಿ ನಾಲ್ಕು, ವುಯೆಲ್ಟಾದಲ್ಲಿ ಮೂರು ಹಂತ ಗೆದ್ದ. ಎರಡು ವರ್ಷದ ಮೇಲೆ ಅವನೂ ದೊಡ್ಡ ನಾಯಕನಾಗಿ ಬೇರೆ ತಂಡಕ್ಕೆ ಹೋದ. 2020ರಲ್ಲಿ ಅವನ ಗೆಲುವು ಸೊನ್ನೆ.

ಇನ್ನೊಂದು ಸಾಕ್ಷಿ ಇದೆ. ಬೆಲ್ಜಿಯಂನ ಸ್ಖೆಲ್ಡೆಪ್ರೈಸ್ ಸ್ಪ್ರಿಂಟರ್‌ಗಳ ರೇಸ್. ಅದನ್ನು ನಮ್ಮ ಸವಾರ ಐದು ಸಲ ಗೆದ್ದಿದ್ದಾನೆ: 2012, 2013, 2014, 2016, 2017. ನಡುವೆ 2015 ಇಲ್ಲ, ಅದು ವೈರಸ್ ವರ್ಷ. 2018, 2019 ಎರಡರಲ್ಲೂ ಗೆದ್ದವನು ಬೆಲ್ಜಿಯಂ ತಂಡದ ಹೊಸ ಡಚ್ ಹುಡುಗ. ಅಂದರೆ ಹಳೆಯ ರೈಲು ಹೊಸ ಪ್ರಯಾಣಿಕನನ್ನು ಕೂರಿಸಿಕೊಂಡು ಹೊರಟೇ ಇತ್ತು.

ಹಾಗಂತ ಎಲ್ಲವನ್ನೂ ರೈಲಿನ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. 2015ರಲ್ಲಿ ರೈಲು ಹಳೆಯದೇ ಇತ್ತು, ಕಾಲು ನಡೆಯಲಿಲ್ಲ. ಎರಡೂ ಬೇಕು. ಆದರೆ ಎರಡರಲ್ಲಿ ಒಂದನ್ನು ಮಾತ್ರ ಪ್ರಯೋಗಾಲಯದಲ್ಲಿ ಅಳೆಯಬಹುದು. ಅದಕ್ಕೇ ತಂಡ ಬದಲಿಸುವಾಗ, ಸಂಬಳ ಗೊತ್ತು ಮಾಡುವಾಗ, ಟೀಕಿಸುವಾಗ ಎಲ್ಲರೂ ಅಳತೆಗೆ ಸಿಗುವ ಕಾಲಿನ ಮಾತನ್ನೇ ಆಡುತ್ತಾರೆ. ಒಬ್ಬ ಸ್ಪ್ರಿಂಟರ್ ತಂಡ ಬದಲಿಸುವಾಗ ತನ್ನ ಕೊನೆಯ ಇಬ್ಬರು ಎಳೆಯುವವರನ್ನೂ ಒಪ್ಪಂದದಲ್ಲಿ ಸೇರಿಸಿಕೊಂಡು ಹೋಗಬೇಕು. ಕೆಲವರು ಹಾಗೆ ಮಾಡುತ್ತಾರೆ. ಜಾಣತನ ಅದು.

ಮೈಯ ವಿಷಯಕ್ಕೂ ಬರೋಣ. 2012ರ ಹೊಟ್ಟೆ, 2014ರ ಜ್ವರ, 2015ರ ವೈರಸ್, 2018ರ ದಣಿವು. ಪ್ರತಿಯೊಂದನ್ನೂ ಆಗಾಗಿನ ಕೆಟ್ಟ ಕಾಲ ಎಂದು ನೋಡಿದರು. ಸಾಲಾಗಿ ಇಟ್ಟರೆ ಬೇರೆ ಚಿತ್ರ ಬರುತ್ತದೆ. ವರ್ಷಕ್ಕೆ ಎಷ್ಟು ದಿನ ಓಡಿಸಬೇಕು, ಎಷ್ಟು ದಿನ ಬಿಡಬೇಕು ಎಂಬ ಲೆಕ್ಕ ಅಂಥ ಮೈಗೆ ಬೇರೆಯೇ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಬಿಟ್ಟ ರೀತಿ

ಮೇ ತಿಂಗಳಲ್ಲಿ ಈತ ನಿವೃತ್ತಿ ಘೋಷಿಸಲಿಲ್ಲ. ಒಪ್ಪಂದ ಮುಗಿಸಿ, ಸ್ವಲ್ಪ ದಿನ ರೇಸ್ ಬೇಡ ಎಂದಷ್ಟೇ ಹೇಳಿದ. ತುಂಬಾ ದಣಿದಿದ್ದೇನೆ, ಈ ಹಂತದಲ್ಲಿ ಮೇಲ್ಮಟ್ಟದಲ್ಲಿ ತರಬೇತಿ ಮಾಡಲು, ಓಡಿಸಲು ಆಗುತ್ತಿಲ್ಲ ಎಂದು ಒಪ್ಪಿಕೊಂಡ. ಈ ಎರಡು ಹೆಜ್ಜೆಯ ಇಳಿಯುವಿಕೆ ನನಗೆ ಹಿಡಿಸಿತು. ಸೋತ ಸಿಟ್ಟಿನಲ್ಲಿ, ಟೀಕೆಯ ಬಿಸಿಯಲ್ಲಿ ಎಲ್ಲ ಮುಗಿಸಿಬಿಡಬಹುದಿತ್ತು. ಅಥವಾ ಹೊಸ ತಂಡ ಹುಡುಕಿ ಮತ್ತೊಂದು 2016ಕ್ಕಾಗಿ ಕಾಯಬಹುದಿತ್ತು, ಮನೆ ಬದಲಿಸಿದರೆ ಸರಿಹೋಗುತ್ತದೆ ಎಂಬುದು ಒಮ್ಮೆ ಕಂಡ ಸತ್ಯವೇ ಆಗಿತ್ತಲ್ಲ. ಎರಡನ್ನೂ ಮಾಡದೆ ಮೂರು ತಿಂಗಳು ಸುಮ್ನೆ ಇದ್ದ.

ಆಗಸ್ಟ್‌ನಲ್ಲಿ ಜರ್ಮನಿಯ ವಾರಪತ್ರಿಕೆ ಡೆರ್ ಶ್ಪೀಗೆಲ್‌ಗೆ ಕೊಟ್ಟ ಸಂದರ್ಶನದಲ್ಲಿ ನಿವೃತ್ತಿ ಹೇಳಿದ. ಕೊಟ್ಟ ಕಾರಣಗಳಲ್ಲಿ ಕಾಲಿನ ಮಾತು ಕಡಿಮೆ. ಈ ಆಟದಲ್ಲಿ ನೋವೇ ಬದುಕು, ಮನೆಯವರಿಗೆ, ಗೆಳೆಯರಿಗೆ ಹೊತ್ತೇ ಇರುವುದಿಲ್ಲ, ಮುಗಿಯದ ದಣಿವು ಬೇರೆ ಎಂದ. ವರ್ಷಕ್ಕೆ 200 ದಿನ ಊರೂರು ತಿರುಗುವ ಕೆಲಸ. ಮಗು ಬರಲಿತ್ತು. ಅದು ಬೆಳೆಯುವುದನ್ನು ಸ್ಕೈಪ್‌ನಲ್ಲಿ ನೋಡಲು ಇಷ್ಟವಿಲ್ಲ ಎಂದ.

ಅದೇ ಟೈಮ್ ಟ್ರಯಲ್ ಗೆಳೆಯನ ಜೊತೆ ಸೇರಿ ಆಮೇಲೆ ಮಕ್ಕಳ ಸೈಕಲ್ ತಯಾರಿಕೆಗೆ ಕೈ ಹಾಕಿದ್ದಾನೆ.